ನೆರೆ ಪರಿಹಾರಕ್ಕಾಗಿ ಐದು ನಿಮಿಷದ ಸಾಕ್ಷ್ಯಚಿತ್ರ: ಯಾರಿಗೆ ತೋರಿಸಬೇಕು, ಹೇಗೆ ಮಾಡಬೇಕು

ಪ್ರತಿ ವರ್ಷ ಹೊಳೆ ಇಳಿದ ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ: ‘ಬಿದ್ದ ಮನೆಗಳ ವಿಡಿಯೊ ಮಾಡಿ ಹಾಕಿದೆವು, ಸಾವಿರಾರು ಜನ ನೋಡಿದರು, ಹಂಚಿಕೊಂಡರು. ಪರಿಹಾರ ಮಾತ್ರ ಬರಲಿಲ್ಲ. ಎಲ್ಲಿ ತಪ್ಪಿದೆವು?’ ಹೆಚ್ಚಿನ ಸಲ ತಪ್ಪು ಕ್ಯಾಮೆರಾದ್ದಲ್ಲ. ಊರಿಗೆಲ್ಲ ತೋರಿಸಲೆಂದು ಮಾಡಿದ ಚಿತ್ರವು ಸಹಿ ಹಾಕಬೇಕಾದ ಒಬ್ಬರ ಮೇಜಿಗೆ ಹೋಗಿರುವುದಿಲ್ಲ. ಹೋದರೂ ಅವರು ಏನು ಮಾಡಬೇಕು ಎಂಬುದು ಅದರಲ್ಲಿ ಇರುವುದಿಲ್ಲ.

ಸಂಘ ಸಂಸ್ಥೆಗಳವರು ಈ ಕೆಲಸವನ್ನು ‘ಅಡ್ವೊಕೆಸಿ’ ಎನ್ನುತ್ತಾರೆ. ನೊಂದವರ ಪರವಾಗಿ ನಿಂತು, ಅಧಿಕಾರ ಇರುವವರಿಂದ ಒಂದು ನಿರ್ದಿಷ್ಟ ತೀರ್ಮಾನ ಕೇಳುವುದು ಅದರ ಅರ್ಥ. ವಿಡಿಯೊವನ್ನು ಇದಕ್ಕೆ ಬಳಸುವ ಪದ್ಧತಿ ಹೊಸದಲ್ಲ. ನ್ಯೂಯಾರ್ಕಿನ ‘ವಿಟ್‌ನೆಸ್’ ಸಂಸ್ಥೆ 1992ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಗೋವಾದಲ್ಲಿ ನೆಲೆಯಿರುವ ‘ವಿಡಿಯೊ ವಾಲಂಟಿಯರ್ಸ್’ ಹಳ್ಳಿಗಳ ವರದಿಗಾರರಿಗೆ ತರಬೇತಿ ಕೊಟ್ಟು, ಚಿಕ್ಕ ಚಿತ್ರಗಳ ಕೊನೆಗೆ ಸಂಬಂಧಪಟ್ಟ ಅಧಿಕಾರಿಯ ಫೋನ್ ಸಂಖ್ಯೆ ಕೊಟ್ಟು ‘ಇವರಿಗೆ ಕರೆ ಮಾಡಿ, ಇದನ್ನು ಕೇಳಿ’ ಎನ್ನುವ ಕ್ರಮವನ್ನು ರೂಢಿಗೆ ತಂದಿದೆ.

ಇಲ್ಲಿ ಉದಾಹರಣೆಗೆ 2019ರ ಆಗಸ್ಟ್ ನೆರೆಯನ್ನು ಇಟ್ಟುಕೊಂಡಿದ್ದೇವೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಹಳ್ಳಿಗಳಲ್ಲಿ ಎದ್ದ ತಕರಾರುಗಳು ಬೇರೆ ನೆರೆಗಳ ನಂತರವೂ ಏಳುವಂಥವೇ. ಮೂರು ಜನ, ಕಚೇರಿಗಳ ಉತ್ತರಕ್ಕೆ ಕಾಯುವ ದಿನ ಬಿಟ್ಟು ಸುಮಾರು ಮೂರು ವಾರ, ಒಂದು ಒಳ್ಳೆಯ ಫೋನು ಇದ್ದರೆ ಕೆಲಸ ಆಗುತ್ತದೆ.

1. ಮೊದಲು ಬೇಡಿಕೆ, ಆಮೇಲೆ ಕ್ಯಾಮೆರಾ

ಒಂದು ಹಾಳೆ ತೆಗೆದುಕೊಂಡು ಈ ವಾಕ್ಯ ತುಂಬಿಸಿ: ‘(ಇಂಥ ಹುದ್ದೆಯವರು) (ಇಂಥ ದಿನದೊಳಗೆ) (ಇಂಥ ಆದೇಶ) ಹೊರಡಿಸಬೇಕು.’ ತುಂಬಿಸಲು ಆಗದಿದ್ದರೆ ಚಿತ್ರೀಕರಣಕ್ಕೆ ಹೊರಡಬೇಡಿ.

‘ಸರ್ಕಾರ ಕಣ್ಣು ತೆರೆಯಬೇಕು’ ಎಂಬುದು ಬೇಡಿಕೆ ಅಲ್ಲ. ‘ನಮ್ಮ ಊರಿನ 43 ಮನೆಗಳ ಮರುಸಮೀಕ್ಷೆಗೆ ಜಿಲ್ಲಾಧಿಕಾರಿಯವರು ತಹಶೀಲ್ದಾರರಿಗೆ ಸೂಚಿಸಬೇಕು’ ಎಂಬುದು ಬೇಡಿಕೆ. 2019ರ ನೆರೆಯಲ್ಲಿ ಮನೆ ಹಾನಿಯನ್ನು ಮೂರು ವರ್ಗ ಮಾಡಿದ್ದರು: ಶೇ 75ಕ್ಕಿಂತ ಹೆಚ್ಚು ಹಾನಿಯಾದದ್ದು ‘ಎ’, 25ರಿಂದ 75ರವರೆಗೆ ‘ಬಿ’, 15ರಿಂದ 25ರವರೆಗೆ ‘ಸಿ’. ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ, ‘ಸಿ’ ವರ್ಗಕ್ಕೆ 50 ಸಾವಿರ. ಅಂದರೆ ಪಟ್ಟಿಯಲ್ಲಿ ಒಂದು ಅಕ್ಷರ ಬದಲಾದರೆ ಒಂದು ಸಂಸಾರದ ಹತ್ತು ವರ್ಷ ಬದಲಾಗುತ್ತದೆ. ನಿಮ್ಮ ಚಿತ್ರ ಹಿಡಿಯಬೇಕಾದ್ದು ಆ ಒಂದು ಅಕ್ಷರವನ್ನು. ದರ ಮತ್ತು ವರ್ಗಗಳು ಆದೇಶದಿಂದ ಆದೇಶಕ್ಕೆ ಬದಲಾಗುವುದರಿಂದ, ನಿಮ್ಮ ವರ್ಷದ ಆದೇಶದ ಪ್ರತಿ ಕೈಯಲ್ಲಿರಲಿ.

ಯಾರ ಕೈಯಲ್ಲಿ ಏನಿದೆ ಎಂದು ತಿಳಿದಿರಬೇಕು. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮರುಸಮೀಕ್ಷೆ, ಕಾಳಜಿ ಕೇಂದ್ರದ (ಮನೆ ಬಿಟ್ಟು ಬಂದವರಿಗೆ ಸರ್ಕಾರ ತೆರೆಯುವ ತಾತ್ಕಾಲಿಕ ಆಸರೆ) ಸೌಕರ್ಯ ಇವು ಅಲ್ಲಿ ತೀರ್ಮಾನವಾಗುತ್ತವೆ. ಪರಿಹಾರದ ಮೊತ್ತ ಹೆಚ್ಚಿಸುವುದು ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ. ಅದು ರಾಜ್ಯ ಸರ್ಕಾರದ ಆದೇಶ. ಇವೆರಡನ್ನೂ ಒಂದೇ ಚಿತ್ರದಲ್ಲಿ ಕೇಳಿದರೆ ಇಬ್ಬರೂ ‘ಇದು ನಮ್ಮದಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ಒಂದು ಚಿತ್ರಕ್ಕೆ ಒಂದೇ ಬೇಡಿಕೆ.

2. ಕಾಗದ ಕೂಡಿಸಿ

ಚಿತ್ರೀಕರಣಕ್ಕಿಂತ ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಹಿಡಿಯಲೂಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಮಾಡಿ: ಮನೆಯ ಯಜಮಾನ ಅಥವಾ ಯಜಮಾನಿಯ ಹೆಸರು, ಪಂಚಾಯಿತಿಯ ಆಸ್ತಿ ಸಂಖ್ಯೆ, ಗೋಡೆ ಯಾವುದರದ್ದು (ಮಣ್ಣು, ಕಲ್ಲು, ಇಟ್ಟಿಗೆ), ನೀರು ಹೊಕ್ಕ ದಿನ, ಇಳಿದ ದಿನ, ಸಮೀಕ್ಷೆಗೆ ಬಂದ ದಿನ, ಗೋಡೆ ಬಿದ್ದ ದಿನ, ಪಟ್ಟಿಯಲ್ಲಿ ಕೊಟ್ಟ ವರ್ಗ, ಕೈಗೆ ಬಂದ ಹಣ.

ಇವುಗಳಲ್ಲಿ ಸಮೀಕ್ಷೆಯ ದಿನ ಮತ್ತು ಗೋಡೆ ಬಿದ್ದ ದಿನ, ಈ ಎರಡನ್ನು ಜೋಪಾನವಾಗಿ ಬರೆಯಿರಿ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ. ತಳ ನೆನೆದು ಮೆತ್ತಗಾಗಿರುತ್ತದೆ, ಮೇಲೆ ಮಾಳಿಗೆಯ ಮಣ್ಣಿನ ಭಾರ ಹಾಗೇ ಇರುತ್ತದೆ. ಹೊಳೆ ಇಳಿದು ಬಿಸಿಲು ಬಿದ್ದ ಮೇಲೆ ಗೋಡೆ ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಒಣಗಿ ಬಿರಿದು, ಕೆಲವು ದಿನ, ಕೆಲವೊಮ್ಮೆ ವಾರಗಳ ನಂತರ ಕುಸಿಯುತ್ತದೆ. ಸಮೀಕ್ಷೆಯವರು ಬಂದಾಗ ಗೋಡೆ ನಿಂತಿತ್ತು, ಹಾಗಾಗಿ ‘ಸಿ’. ಅವರು ಹೋದ ಮೇಲೆ ಬಿತ್ತು, ಪಟ್ಟಿ ಮಾತ್ರ ‘ಸಿ’ ಎಂದೇ ಉಳಿಯಿತು. ಇಂಥ ಮನೆಗಳು ಊರಲ್ಲಿ ಎಷ್ಟಿವೆ ಎಂದು ದಿನಾಂಕ ಸಮೇತ ತೋರಿಸಿದರೆ ಯಾವ ಸಿಬ್ಬಂದಿಯನ್ನೂ ದೂರದೆ ಮರುಸಮೀಕ್ಷೆ ಕೇಳಬಹುದು. ಅಧಿಕಾರಿಗೂ ಒಪ್ಪಿಕೊಳ್ಳಲು ದಾರಿ ಸಿಗುತ್ತದೆ.

ಸಮೀಕ್ಷಾ ಪಟ್ಟಿ, ತೆಗೆದ ಫೋಟೊಗಳು, ಎಂಜಿನಿಯರ್ ಬರೆದ ಅಂದಾಜು, ಇವುಗಳ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಉತ್ತರಕ್ಕೆ 30 ದಿನದ ಅವಕಾಶ ಇರುವುದರಿಂದ ಈ ಅರ್ಜಿಯನ್ನು ಮೊದಲ ದಿನವೇ ಹಾಕಿ.

3. ಒಪ್ಪಿಗೆ

ಕಾಳಜಿ ಕೇಂದ್ರದಲ್ಲಿ ಇರುವವರು ಊಟ, ಹಾಸಿಗೆ, ಔಷಧಿ ಎಲ್ಲಕ್ಕೂ ಬೇರೆಯವರನ್ನು ನೆಚ್ಚಿಕೊಂಡಿರುತ್ತಾರೆ. ಕ್ಯಾಮೆರಾ ಹಿಡಿದು ಬಂದವರಿಗೆ ‘ಬೇಡ’ ಅಂದರೆ ಎಲ್ಲಿ ಏನು ತಪ್ಪಿಹೋಗುತ್ತದೋ ಎಂಬ ಅಳುಕಿನಿಂದ ಹೂಂ ಎನ್ನುವವರು ಬಹಳ. ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ. ಅಕ್ಕಿ, ಕಂಬಳಿ ಹಂಚುವ ಗುಂಪಿನ ಜೊತೆ ಹೋಗಿ ಚಿತ್ರೀಕರಿಸುವುದನ್ನಂತೂ ಬಿಡಿ. ಪಂಚಾಯಿತಿ ಸದಸ್ಯರು, ಜಮೀನಿನ ಮಾಲೀಕರು ಪಕ್ಕದಲ್ಲಿ ನಿಂತಿರುವಾಗಲೂ ಕೇಳಬೇಡಿ.

ಒಪ್ಪಿಗೆಯನ್ನು ಒಂದೇ ಪ್ರಶ್ನೆಯಾಗಿ ಕೇಳದೆ ನಾಲ್ಕಾಗಿ ಒಡೆಯಿರಿ:
– ನಿಮ್ಮನ್ನು ಚಿತ್ರೀಕರಿಸಬಹುದೇ?
– ಮುಖ, ಹೆಸರು, ಊರು ತೋರಿಸಬಹುದೇ? ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು.
– ಜಿಲ್ಲಾಧಿಕಾರಿ ಕಚೇರಿಯಲ್ಲಿ ತೋರಿಸಬಹುದೇ?
– ಯೂಟ್ಯೂಬು, ವಾಟ್ಸ್‌ಆ್ಯಪ್‌ನಲ್ಲಿ ಹಾಕಬಹುದೇ? ಹಾಕಿದ ಮೇಲೆ ಪೂರ್ತಿ ವಾಪಸು ತೆಗೆಯಲಾಗದು ಎಂಬುದನ್ನು ಈ ಪ್ರಶ್ನೆಯ ಜೊತೆಗೇ ಹೇಳಬೇಕು.

ಉತ್ತರವನ್ನು ಅವರದೇ ಮಾತಿನಲ್ಲಿ ಚಿತ್ರೀಕರಿಸಿಕೊಳ್ಳಿ. ಹೆಬ್ಬೆಟ್ಟಿನ ಕಾಗದಕ್ಕಿಂತ ಅದು ಎಷ್ಟೋ ಮೇಲು. ಮನಸ್ಸು ಬದಲಾದರೆ ಯಾವ ದಿನದವರೆಗೆ ಹೇಳಬಹುದು, ಯಾರಿಗೆ ಫೋನ್ ಮಾಡಬೇಕು ಎಂದು ಚೀಟಿ ಬರೆದು ಕೊಡಿ. ಮಾತಾಡಿದ್ದಕ್ಕೆ ದುಡ್ಡು ಕೊಡಬಾರದು, ‘ದುಡ್ಡು ಕೊಟ್ಟು ಹೇಳಿಸಿದರು’ ಎಂಬ ಒಂದೇ ಮಾತು ಇಡೀ ಚಿತ್ರವನ್ನು ಕೆಡಿಸುತ್ತದೆ. ಆದರೆ ಕೂಲಿ ಬಿಟ್ಟು ಅರ್ಧ ದಿನ ಕೂತವರಿಗೆ ಆ ಅರ್ಧ ದಿನದ ಕೂಲಿ ಕೊಡುವುದು ನ್ಯಾಯ. ಅವರು ಏನು ಹೇಳಿದರು ಎಂಬುದಕ್ಕೂ ಆ ಹಣಕ್ಕೂ ಸಂಬಂಧವಿಲ್ಲದಂತೆ, ಎಲ್ಲರಿಗೂ ಒಂದೇ ದರದಲ್ಲಿ ಕೊಟ್ಟು, ಲೆಕ್ಕ ಬರೆದಿಡಿ.

ಮಕ್ಕಳ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಸಾಲದು, ಮಗುವೂ ಒಪ್ಪಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಬೀಳುವಂತೆ ಮಾಡುವುದು ಪೋಕ್ಸೊ ಕಾಯ್ದೆಯ 23ನೇ ಕಲಮಿನ ಪ್ರಕಾರ ಅಪರಾಧ. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಮು ರಕ್ಷಣೆ ಬೇಕಾದ ಮಕ್ಕಳ ಗುರುತನ್ನೂ ಕಾಯುತ್ತದೆ. ಶಾಲೆಯ ಹೆಸರು ಇರುವ ಸಮವಸ್ತ್ರ ಕಂಡರೂ ಗುರುತು ಸಿಕ್ಕಿದಂತೆಯೇ.

ಗುರುತು ಮರೆಸಬೇಕಾದವರ ಮುಖವನ್ನು ‘ಆಮೇಲೆ ಮಸುಕು ಮಾಡಿದರಾಯಿತು’ ಎಂದುಕೊಳ್ಳಬೇಡಿ. ಮೂಲ ಕಡತ ಯಾರ ಕೈಗಾದರೂ ಸಿಕ್ಕರೆ ಮುಗಿಯಿತು. ಅಲ್ಲದೆ ಅಕ್ಕಪಕ್ಕದವರು ಸೀರೆ, ಬಳೆ, ಹಚ್ಚೆ, ಅಂಗಳದ ತುಳಸಿಕಟ್ಟೆ ನೋಡಿಯೇ ಗುರುತಿಸುತ್ತಾರೆ. ಚಿತ್ರೀಕರಿಸುವಾಗಲೇ ಕೈ, ನೆರಳು, ಬೆನ್ನು ಮಾತ್ರ ಹಿಡಿಯಿರಿ. ಬೇರೆ ಮನೆಯಲ್ಲಿ ಕೂರಿಸಿ. ದನಿಯನ್ನು ಯಂತ್ರದಿಂದ ದಪ್ಪ ಸಣ್ಣ ಮಾಡಿದರೆ ಅದನ್ನು ತಿರುಗಿ ಸರಿಮಾಡಲು ಬರುತ್ತದೆ. ಅವರ ಮಾತನ್ನು ಬೇರೆಯವರಿಂದ ಓದಿಸುವುದೇ ಭದ್ರ.

4. ಸಾಮಾನು

ಪೂರ್ತಿ ಎಚ್‌ಡಿ, ಅಂದರೆ 1080 ಗುಣಮಟ್ಟದಲ್ಲಿ ಚಿತ್ರೀಕರಿಸುವ ಯಾವುದೇ ಫೋನು ಸಾಕು. 4ಕೆ ಬೇಡ, ಜಾಗ ತಿನ್ನುತ್ತದೆ ಅಷ್ಟೇ. 1080ರಲ್ಲಿ ನಿಮಿಷಕ್ಕೆ ಸುಮಾರು 100ರಿಂದ 150 ಎಂಬಿ, ಗಂಟೆಗೆ 6ರಿಂದ 9 ಜಿಬಿ ಲೆಕ್ಕ ಹಿಡಿದು ಜಾಗ ಖಾಲಿ ಇಟ್ಟುಕೊಳ್ಳಿ. ನೆರೆ ಊರಲ್ಲಿ ಕರೆಂಟು ಇರುವುದಿಲ್ಲ, ಹಾಗಾಗಿ 10,000 ಎಂಎಎಚ್‌ನ ಎರಡು ಪವರ್ ಬ್ಯಾಂಕ್. ಒಂದು ಟ್ರೈಪಾಡ್. ಅಳತೆ ಟೇಪು. ಫೋನಿಗೆ ಪ್ಲಾಸ್ಟಿಕ್ ಚೀಲ.

ಹಣ ಖರ್ಚು ಮಾಡುವುದಾದರೆ ಕಾಲರ್ ಮೈಕಿಗೆ ಮಾಡಿ. ಚಿತ್ರ ಸ್ವಲ್ಪ ಅಲುಗಿದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಇಪ್ಪತ್ತು ಸೆಕೆಂಡಿಗೆ ಮುಚ್ಚುತ್ತಾರೆ. ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ತಾಳಿ, ಸರ, ಸೆರಗು ತಾಗದಂತೆ ನೋಡಿಕೊಳ್ಳಿ. ತಾಗಿದರೆ ಸರಪರ ಸದ್ದು, ಅದನ್ನು ಆಮೇಲೆ ತೆಗೆಯಲಾಗದು. ಹೊಳೆದಂಡೆಯ ಗಾಳಿಗೆ ಮೈಕಿನ ತುಪ್ಪಳದ ಟೋಪಿ ಬೇಕೇಬೇಕು. ಇಯರ್‌ಫೋನ್ ಹಾಕಿ ಮೊದಲ ಹತ್ತು ಸೆಕೆಂಡಿನ ಮುದ್ರಣ ಕೇಳಿ ನೋಡಿ, ಆಮೇಲೆ ಮಾತು ಶುರುಮಾಡಿ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಡುವೆ ಕರೆ ಬಂದರೆ ಎಷ್ಟೋ ಫೋನುಗಳಲ್ಲಿ ಮುದ್ರಣ ನಿಂತುಹೋಗುತ್ತದೆ. ವೇಗವನ್ನು ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್), ಶಟರನ್ನು, ಅಂದರೆ ಒಂದೊಂದು ಚೌಕಟ್ಟಿಗೆ ಬೆಳಕು ಬೀಳುವ ಹೊತ್ತನ್ನು, 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸಿನದ್ದು. 30 ಚೌಕಟ್ಟು, 1/60 ಶಟರಿನಲ್ಲಿ ತೆಗೆದರೆ ಶಾಲೆಯ ಟ್ಯೂಬ್‌ಲೈಟ್ ಕೆಳಗಿನ ಚಿತ್ರ ಮಿನುಗಬಹುದು. ಕಾಳಜಿ ಕೇಂದ್ರಗಳು ಹೆಚ್ಚಾಗಿ ಶಾಲೆಗಳಲ್ಲೇ ಇರುವುದರಿಂದ ಈ ತೊಂದರೆ ಹಲವರಿಗೆ ಎದುರಾಗುತ್ತದೆ.

ಜೀವಕ್ಕಿಂತ ಚಿತ್ರ ಹೆಚ್ಚಲ್ಲ. ನಿಂತ ನೀರಿನಲ್ಲಿ ಇಲಿ ಜ್ವರದ ಸೋಂಕು ಇರಬಹುದು, ಕಾಲಿಗೆ ಗಾಯವಿದ್ದರೆ ಇಳಿಯಬೇಡಿ. ಬಿರುಕು ಬಿಟ್ಟ ಗೋಡೆಯ ಒಳಗೆ ನಿಂತು ಚಿತ್ರೀಕರಿಸಬೇಡಿ, ಹೊರಗಿನಿಂದ, ಗೋಡೆಯ ಎತ್ತರಕ್ಕಿಂತ ಹೆಚ್ಚು ದೂರದಿಂದ ತೆಗೆಯಿರಿ. ರಕ್ಷಣಾ ಕಾರ್ಯ ನಡೆಯುತ್ತಿರುವಾಗ ಡ್ರೋನ್ ಹಾರಿಸಲೇಬಾರದು, ಹೆಲಿಕಾಪ್ಟರಿಗೆ ಅಡ್ಡ ಬರುತ್ತದೆ.

5. ಪುರಾವೆಯಾಗುವಂತೆ ಚಿತ್ರೀಕರಿಸಿ

ಪ್ರತಿ ಮನೆಗೆ ಇದೇ ಕ್ರಮ. ಮೊದಲು ಬೀದಿಯಿಂದ ಇಡೀ ಮನೆ, ಅಕ್ಕಪಕ್ಕದ ಗುರುತು (ಗುಡಿ, ನೀರಿನ ಟ್ಯಾಂಕು, ಕಂಬ) ಸೇರಿ. ಆಮೇಲೆ ಕ್ಯಾಮೆರಾ ನಿಲ್ಲಿಸದೆ ಬಾಗಿಲವರೆಗೆ ನಡೆದು ಬಾಗಿಲ ಮೇಲಿನ ಮನೆ ಸಂಖ್ಯೆ. ಆಮೇಲೆ ಹಾನಿಯಾದ ಪ್ರತಿ ಗೋಡೆ. ಒಂದೇ ಹೊಡೆತಕ್ಕೆ, ಕತ್ತರಿಸದೆ ತೆಗೆದದ್ದಾದರೆ ‘ಇದು ಬೇರೆ ಮನೆ’ ಎಂಬ ತಕರಾರು ಏಳುವುದಿಲ್ಲ. ತೆಗೆಯುತ್ತಲೇ ದಿನಾಂಕ, ಸಮಯ, ಊರು, ಮನೆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ.

ನೀರು ನಿಂತ ಗುರುತಿಗೆ ಅಳತೆ ಟೇಪು ಹಿಡಿಸಿ. ‘ಎದೆಮಟ್ಟ ನೀರು’ ಎಂದರೆ ಅದು ಮಾತು. ಟೇಪಿನ ಮೇಲೆ ನಾಲ್ಕು ಅಡಿ ಎರಡು ಇಂಚು ಕಂಡರೆ ಅದು ಅಳತೆ. ಟೇಪಿನ ಸೊನ್ನೆ ನೆಲಕ್ಕೆ ತಾಗಿರುವುದೂ ಚಿತ್ರದಲ್ಲಿ ಬರಲಿ. ಬಿರುಕಿನ ಅಗಲಕ್ಕೆ ಒಂದು ರೂಪಾಯಿ ನಾಣ್ಯ ಹಿಡಿದು ತೋರಿಸಬಹುದು.

ಕಾಳಜಿ ಕೇಂದ್ರದ ಸೌಕರ್ಯವೇ ನಿಮ್ಮ ಬೇಡಿಕೆಯಾಗಿದ್ದರೆ ಅಳೆಯುವ ಕೋಲು ಸರ್ಕಾರದ ಕಾಗದದಲ್ಲೇ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಪರಿಹಾರ ಮಾನದಂಡದಲ್ಲಿ ತಲೆಗೆ 3.5 ಚದರ ಮೀಟರ್ ಸೂರು, ದಿನಕ್ಕೆ ಕನಿಷ್ಠ 3 ಲೀಟರ್ ಕುಡಿಯುವ ನೀರು, 30 ಜನಕ್ಕೆ ಒಂದು ಶೌಚಾಲಯ ಎಂದಿದೆ. 6 ಮೀಟರ್ ಉದ್ದ, 5 ಮೀಟರ್ ಅಗಲದ ತರಗತಿ ಕೋಣೆ ಎಂದರೆ 30 ಚದರ ಮೀಟರ್. ಅದು ಎಂಟು ಜನಕ್ಕೆ ಸಾಕು. ಅಲ್ಲಿ ಇಪ್ಪತ್ತೈದು ಜನ ಮಲಗಿದ್ದರೆ, ಕೋಣೆಯ ಅಳತೆ ಹಿಡಿಯುವುದನ್ನು ತೋರಿಸಿ, ಆಮೇಲೆ ಹಾಸಿಗೆಗಳನ್ನು ಎಣಿಸುತ್ತ ಕ್ಯಾಮೆರಾ ಸರಿಸಿ. ಅಳುವ ಮುಖದ ಅಗತ್ಯವೇ ಬೀಳುವುದಿಲ್ಲ. ಮಲಗಿದವರನ್ನು, ಸ್ನಾನದ ಜಾಗವನ್ನು, ಹಾಲೂಡಿಸುವ ತಾಯಂದಿರನ್ನು ಹಿಡಿಯಬೇಡಿ. ಖಾಲಿ ಹಾಸಿಗೆ ಎಣಿಸಿದರೂ ಲೆಕ್ಕ ಅದೇ.

ಮಾತಿನ ನಡುವೆ ಸೇರಿಸಲು ದಿನದ ಕೆಲಸದ ತುಣುಕುಗಳು ಬೇಕು: ಕೆಸರು ಬಳಿಯುವುದು, ತೊಯ್ದ ಜೋಳ ಒಣಹಾಕುವುದು, ಸರದಿಯಲ್ಲಿ ಕೊಡ. ಒಂದೊಂದನ್ನೂ ಫೋನು ಅಲುಗಿಸದೆ ಹತ್ತು ಸೆಕೆಂಡು ಹಿಡಿಯಿರಿ. ಹೊಸಬರೆಲ್ಲ ಮೂರು ಸೆಕೆಂಡಿಗೇ ಫೋನು ತಿರುಗಿಸಿ, ಸಂಕಲನಕ್ಕೆ ಕೂತಾಗ ಪೇಚಾಡುತ್ತಾರೆ. ಎದ್ದು ನಿಂತು ಕೂತವರ ಮೇಲಿನಿಂದ ತೆಗೆದರೆ ಬೇಡುವವರ ಹಾಗೆ ಕಾಣುತ್ತಾರೆ. ನೀವೂ ಕೂತು, ಅವರ ಕಣ್ಣಿನ ಮಟ್ಟಕ್ಕೆ ಫೋನು ಹಿಡಿಯಿರಿ.

6. ಮಾತಾಡಿಸುವುದು

ಮೂವತ್ತು ಮನೆಯವರನ್ನು ಮಾತಾಡಿಸುವುದು ಬೇಡ. ಐದು ನಿಮಿಷದ ಚಿತ್ರಕ್ಕೆ ಒಬ್ಬರು ಮುಖ್ಯ, ಇನ್ನಿಬ್ಬರು ಪೂರಕ. ಮುಖ್ಯರನ್ನು ಆರಿಸುವಾಗ ಹೆಚ್ಚು ಅಳುವವರನ್ನಲ್ಲ, ಕಾಗದ ಸರಿಯಾಗಿ ಇರುವವರನ್ನು ಆರಿಸಿ. ಒಂದು ದಾಖಲೆ ಸುಳ್ಳಾದರೂ ಉಳಿದ ನಲವತ್ತೆರಡು ಮನೆಗಳಿಗೆ ಪೆಟ್ಟು.

ಆರಾಮಾಗಿ ಕೂತು, ‘ಯವ್ವಾ, ನೀರ ಬಂದ ದಿನ ಏನಾತು, ಮೊದಲಿಂದ ಹೇಳ್ರಿ’ ಎಂಬಷ್ಟು ಸರಳವಾಗಿ ಶುರುಮಾಡಿ. ‘ಹೌದು’, ‘ಇಲ್ಲ’ ಎಂದು ಮುಗಿಯುವ ಪ್ರಶ್ನೆ ಬೇಡ. ನಿಮ್ಮ ಪ್ರಶ್ನೆ ಚಿತ್ರದಲ್ಲಿ ಇರುವುದಿಲ್ಲವಾದ್ದರಿಂದ ಉತ್ತರ ಪೂರ್ತಿ ವಾಕ್ಯದಲ್ಲಿ ಬರಬೇಕು. ‘ಐವತ್ತು ಸಾವಿರ’ ಎಂದಷ್ಟೇ ಹೇಳಿದರೆ, ‘ಯಾತಕ್ಕ ಬಂದದ್ದು ಅಂತ ಸೇರಿಸಿ ಇನ್ನೊಮ್ಮೆ ಹೇಳ್ರಿ’ ಎಂದು ಕೇಳಿ. ‘ಆಗ ನಿಮಗೆ ಹೇಗನ್ನಿಸಿತು’ ಎಂಬ ಪ್ರಶ್ನೆ ಬಿಟ್ಟುಬಿಡಿ; ಸತ್ತವರ ವಿಷಯ ಕೆದಕಬೇಡಿ, ಅವರೇ ಹೇಳಿದರೆ ಸುಮ್ಮನೆ ಕೇಳಿ. ಅರ್ಧ ಗಂಟೆ ಮೀರದಿರಲಿ. ಕೊನೆಯ ಪ್ರಶ್ನೆ ಮುಂದಿನದ್ದರ ಬಗ್ಗೆ ಇರಲಿ: ಏನಾಗಬೇಕು, ಯಾರು ಮಾಡಬೇಕು. ಹೀಗೆ ಮುಗಿಸಿದರೆ ಅವರನ್ನು ಆ ರಾತ್ರಿಯ ನೆನಪಿನಲ್ಲೇ ಬಿಟ್ಟು ಎದ್ದು ಬಂದಂತೆ ಆಗುವುದಿಲ್ಲ.

ಅವರ ಆಡುಮಾತನ್ನು ತಿದ್ದಬೇಡಿ, ‘ಪುಸ್ತಕದ ಭಾಷೆಯಲ್ಲಿ ಹೇಳಿ’ ಎನ್ನಬೇಡಿ. ಬೆಂಗಳೂರಿನ ಕಚೇರಿಯವರಿಗೆ ತಿಳಿಯಲೆಂದು ಕೆಳಗೆ ಅಡಿಬರಹ ಹಾಕಿದರಾಯಿತು. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು ಆ ಜಾಗದ ಬರಿಯ ಸದ್ದನ್ನು 30 ಸೆಕೆಂಡು ಮುದ್ರಿಸಿಕೊಳ್ಳಿ, ಕತ್ತರಿಸಿದ ಕಡೆ ತೇಪೆ ಹಾಕಲು ಅದು ಬೇಕಾಗುತ್ತದೆ.

7. ಮೂಲ ಕಡತ ಕಾಪಾಡುವುದು

ಅದೇ ರಾತ್ರಿ ಫೋನಿನಿಂದ ಕೇಬಲ್ ಮೂಲಕ ಎರಡು ಕಡೆ ನಕಲು ಮಾಡಿ, ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಕಡತ ಕುಗ್ಗಿ, ಒಳಗಿನ ದಿನಾಂಕದ ಮಾಹಿತಿ ಅಳಿಯುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮೂಲದ ಮೇಲೆ ಕತ್ತರಿ ಆಡಿಸಬೇಡಿ, ಸಂಕಲನಕ್ಕೆ ನಕಲು ಬಳಸಿ.

ವಿಷಯ ನ್ಯಾಯಾಲಯಕ್ಕೆ ಹೋಗಬಹುದು ಅನ್ನಿಸಿದರೆ ಪ್ರತಿ ಮೂಲ ಕಡತದ ‘ಹ್ಯಾಶ್’ ತೆಗೆದು ಬರೆದಿಡಿ. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದು ಚೂರು ಬದಲಾದರೂ ಬೇರೆ ಸಂಖ್ಯೆ ಬರುತ್ತದೆ. ಉಚಿತ ತಂತ್ರಾಂಶಗಳು ಇದನ್ನು ಲೆಕ್ಕ ಹಾಕಿ ಕೊಡುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಈ ಸಂಖ್ಯೆಯನ್ನು ಕೇಳುತ್ತಾರೆ.

8. ಸಂಕಲನ

ಉದ್ದ ನಾಲ್ಕರಿಂದ ಐದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಜಿಲ್ಲಾಧಿಕಾರಿ ನಿಮಗೆ ಕೊಡುವ ಸಮಯ ಹತ್ತು ನಿಮಿಷ ಎಂದುಕೊಂಡರೆ ಅರ್ಧ ಚಿತ್ರಕ್ಕೆ, ಅರ್ಧ ಮಾತಿಗೆ. ಈ ಅಳತೆ ಹಿಡಿದು ಶುರುಮಾಡಿ:

– ಮೊದಲ 20 ಸೆಕೆಂಡು: ಒಬ್ಬರು, ಒಂದು ಮನೆ, ಒಂದು ವಾಕ್ಯ. ಹೆಸರುಗಳ ಪಟ್ಟಿ, ಲಾಂಛನ, ತಿರುಗುವ ಅಕ್ಷರ ಬೇಡ.
– 1 ನಿಮಿಷದವರೆಗೆ: ಆ ಮನೆಗೆ ಏನಾಯಿತು, ದಿನಾಂಕ ಸಮೇತ.
– 2 ನಿಮಿಷ 30 ಸೆಕೆಂಡಿನವರೆಗೆ: ಇದು ಒಂದೇ ಮನೆಯ ಕಥೆಯಲ್ಲ, ನಿಮ್ಮ ನೋಟ್‌ಬುಕ್ಕಿನ ಲೆಕ್ಕ, ಇನ್ನಿಬ್ಬರ ಮಾತು.
– 3 ನಿಮಿಷ 30 ಸೆಕೆಂಡಿನವರೆಗೆ: ಆದೇಶ ಏನು ಹೇಳುತ್ತದೆ, ಪಟ್ಟಿಯಲ್ಲಿ ಏನಿದೆ. ಕಾಗದವನ್ನೇ ತೋರಿಸಿ, ಆ ಸಾಲಿಗೆ ಗೆರೆ ಎಳೆಯಿರಿ.
– ಉಳಿದದ್ದು: ಅಧಿಕಾರಿಯ ಉತ್ತರ, ಆಮೇಲೆ ಬೇಡಿಕೆ. ಬೇಡಿಕೆಯ ವಾಕ್ಯ ತೆರೆಯ ಮೇಲೆ ಕನಿಷ್ಠ ಎಂಟು ಸೆಕೆಂಡು ನಿಲ್ಲಲಿ.

ತಂತ್ರಾಂಶಕ್ಕೆ ಹಣ ಬೇಡ. ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಅಥವಾ ಶಾಟ್‌ಕಟ್, ಫೋನಿನಲ್ಲಿ ಕೈನ್‌ಮಾಸ್ಟರ್. ಕನ್ನಡ ಅಡಿಬರಹದಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುವುದು ಎಲ್ಲರ ಗೋಳು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿ ಅಂಟಿಸಿದರೆ ಹೀಗೇ ಆಗುವುದು. ಯೂನಿಕೋಡಿನಲ್ಲಿ ಟೈಪು ಮಾಡಿ ನೋಟೊ ಸಾನ್ಸ್ ಕನ್ನಡದಂಥ ಅಕ್ಷರಶೈಲಿ ಆರಿಸಿ. ಆಗಲೂ ಒಡೆದರೆ, ಅಡಿಬರಹವನ್ನು ಚಿತ್ರವಾಗಿ ಉಳಿಸಿ ಮೇಲೆ ಕೂರಿಸಿ. ಒಂದು ಸಲಕ್ಕೆ ಎರಡು ಸಾಲು ಮೀರಬೇಡಿ. ನೀವೇ ಗಟ್ಟಿಯಾಗಿ ಒಮ್ಮೆ ಓದಿ ಮುಗಿಸುವಷ್ಟು ಹೊತ್ತಾದರೂ ತೆರೆಯ ಮೇಲಿರಲಿ.

ಪಿಟೀಲಿನ ಶೋಕ ಸಂಗೀತ ಬೇಡ. ಮಾತಿನಲ್ಲಿ ನೋವು ಇದ್ದೇ ಇದೆ, ಅದರ ಮೇಲೆ ಸಂಗೀತ ಹಾಕಿದರೆ ನೋಡುವವರಿಗೆ ಅನುಮಾನ ಹುಟ್ಟುತ್ತದೆ. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ದೂರು ಬಂದು ವಿಡಿಯೊ ತೆಗೆಸುತ್ತಾರೆ, ಟಿವಿ ವಾಹಿನಿಯ ತುಣುಕಿಗೂ ಇದೇ ಗತಿ.

ಎಲ್ಲಕ್ಕಿಂತ ದೊಡ್ಡ ಅಪಾಯ: ಬೇರೆ ಊರಿನ, ಬೇರೆ ವರ್ಷದ ನೆರೆಯ ದೃಶ್ಯ ನುಸುಳುವುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವ ತುಣುಕನ್ನೂ, ತೆಗೆದವರು ಯಾರು ಎಂದು ಗೊತ್ತಾಗದೆ ಬಳಸಬೇಡಿ. ಒಂದೇ ಒಂದು ಹಳೆಯ ದೃಶ್ಯ ಸಿಕ್ಕಿಬಿದ್ದರೆ ಚರ್ಚೆ ಆ ದೃಶ್ಯದ ಮೇಲೆ ತಿರುಗಿ, ಬಿದ್ದ ಮನೆಗಳು ಮರೆತುಹೋಗುತ್ತವೆ.

9. ಎದುರು ಪಕ್ಷದ ಮಾತು

ತಹಶೀಲ್ದಾರರಿಗೆ ಪ್ರಶ್ನೆಗಳನ್ನು ಬರೆದು ಕೊಟ್ಟು ಒಂದು ವಾರ ಸಮಯ ಕೊಡಿ. ಕ್ಯಾಮೆರಾ ಮುಂದೆ ಮಾತಾಡದಿದ್ದರೆ ಬರಹದ ಉತ್ತರ ಸಾಕು. ಉತ್ತರ ಬಾರದಿದ್ದರೆ ‘ಇಂಥ ದಿನ ಕೇಳಿದೆವು, ಈ ದಿನದವರೆಗೆ ಬಂದಿಲ್ಲ’ ಎಂದಷ್ಟೇ ತೆರೆಯ ಮೇಲೆ ಹಾಕಿ. ‘ಲಂಚ ಕೇಳಿದರು’ ಎಂದು ಯಾರಾದರೂ ಹೆಸರಿಟ್ಟು ಹೇಳಿದರೆ, ಪುರಾವೆ ಕೈಯಲ್ಲಿಲ್ಲದೆ ಚಿತ್ರಕ್ಕೆ ಸೇರಿಸಬೇಡಿ. ಮಾನನಷ್ಟದ ಮೊಕದ್ದಮೆ (ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು) ನಿಮ್ಮ ಮೇಲಷ್ಟೇ ಅಲ್ಲ, ಹೇಳಿದವರ ಮೇಲೂ ಬರುತ್ತದೆ. ಅಂಥದ್ದನ್ನು ಲೋಕಾಯುಕ್ತಕ್ಕೆ ದೂರು ಕೊಡಲು ಅವರಿಗೆ ನೆರವಾಗಿ.

10. ತೋರಿಸುವ ಸರದಿ

ಮೊದಲ ಪ್ರದರ್ಶನ ಚಿತ್ರದಲ್ಲಿ ಇರುವವರಿಗೆ. ಅವರ ಊರಲ್ಲೇ, ಬಿಳಿ ಗೋಡೆಯ ಮೇಲೆ ಅಥವಾ ಲ್ಯಾಪ್‌ಟಾಪಿನಲ್ಲಿ. ಯಾರಾದರೂ ‘ನನ್ನ ಮಾತು ತೆಗೀರಿ’ ಎಂದರೆ ತೆಗೆಯಿರಿ. ಹೆಸರು, ಮೊತ್ತ, ದಿನಾಂಕದ ತಪ್ಪುಗಳು ಇಲ್ಲೇ ಸಿಕ್ಕುತ್ತವೆ.

ಎರಡನೆಯದು ಜಿಲ್ಲಾಧಿಕಾರಿಗೆ. ಚಿತ್ರವೊಂದನ್ನೇ ಕೊಟ್ಟರೆ ಕಚೇರಿಯ ಕಡತದಲ್ಲಿ ಅದಕ್ಕೆ ಜಾಗವಿಲ್ಲ. ಎರಡು ಪುಟದ ಮನವಿ, ಅದಕ್ಕೆ ಮನೆಗಳ ಪಟ್ಟಿ, ಅದರ ಜೊತೆ ಪೆನ್‌ಡ್ರೈವ್. ಮನವಿಗೆ ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಮುಂದಿನ ಪ್ರತಿ ಮಾತಿಗೂ ಅದೇ ಆಧಾರ. ಕಚೇರಿಯ ಇಂಟರ್ನೆಟ್ ನಂಬಿಕೊಳ್ಳದೆ ಚಿತ್ರವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ತೆಗೆದುಕೊಂಡು ಹೋಗಿ, ಪುಟ್ಟ ಸ್ಪೀಕರ್ ಸಮೇತ.

‘ಮೊದಲೇ ಯೂಟ್ಯೂಬಿಗೆ ಹಾಕಿದರೆ ಒತ್ತಡ ಬರುವುದಿಲ್ಲವೇ’ ಎಂದು ಕೇಳುವವರಿದ್ದಾರೆ. ಕುಡಿಯುವ ನೀರು, ಔಷಧಿಯಂಥ ಇವತ್ತೇ ಆಗಬೇಕಾದ ವಿಷಯವಾದರೆ ಹಾಕಿ, ಕಾಯಬೇಡಿ. ಪಟ್ಟಿ ತಿದ್ದುವಂಥ ವಿಷಯದಲ್ಲಿ ಮಾತ್ರ ಅಧಿಕಾರಿಗೆ ತಾವೇ ಸರಿಪಡಿಸುವ ಅವಕಾಶ ಮೊದಲು ಸಿಗಬೇಕು. ಬಹಿರಂಗವಾಗಿ ಆರೋಪ ಹೊತ್ತ ಮೇಲೆ ತಪ್ಪನ್ನು ಸಮರ್ಥಿಸಿಕೊಳ್ಳುವುದೇ ಕಚೇರಿಯ ಕೆಲಸವಾಗಿಬಿಡುತ್ತದೆ. ಹದಿನೈದು ದಿನ ಕೊಡಿ, ಆ ದಿನವನ್ನು ಮನವಿಯಲ್ಲೇ ಬರೆಯಿರಿ.

ದಿನ ದಾಟಿದರೆ ಮುಂದಿನ ಮೆಟ್ಟಿಲು: ಉಸ್ತುವಾರಿ ಸಚಿವರ ಕೆಡಿಪಿ ಸಭೆ, ಅಂದರೆ ಜಿಲ್ಲೆಯ ಕಾಮಗಾರಿಗಳ ಪರಿಶೀಲನಾ ಸಭೆ, ಶಾಸಕರ ಮೂಲಕ ಸದನದಲ್ಲಿ ಪ್ರಶ್ನೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು. ಉತ್ತರ ಕರ್ನಾಟಕದವರಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಒಳ್ಳೆಯ ಹೊತ್ತು. ಶಾಸಕರಿಗೆ ಅಧಿವೇಶನ ಶುರುವಾದ ಮೇಲಲ್ಲ, ಮೂರು ನಾಲ್ಕು ವಾರ ಮೊದಲೇ ಕೊಡಿ. ಪ್ರಶ್ನೆ ಮುಂಚೆಯೇ ಸಲ್ಲಿಕೆಯಾಗಬೇಕು. ಸಾರ್ವಜನಿಕರಿಗೆ ಬಿಡುವಾಗ 60ರಿಂದ 90 ಸೆಕೆಂಡಿನ, ಫೋನು ನೆಟ್ಟಗೆ ಹಿಡಿದು ನೋಡುವಂಥ ಲಂಬ ಚೌಕಟ್ಟಿನ ತುಣುಕು ಬೇರೆ ಮಾಡಿ. ಅದಕ್ಕಾಗಿಯೇ ಚಿತ್ರೀಕರಿಸುವಾಗ ಮಾತಾಡುವವರನ್ನು ಚೌಕಟ್ಟಿನ ನಡುಮಧ್ಯ ಇಟ್ಟಿದ್ದರೆ ಒಳ್ಳೆಯದು.

11. ಹಣ ಕೇಳುವ ಚಿತ್ರ ಬೇರೆ

ಹೊರದೇಶದ ಕನ್ನಡ ಕೂಟಗಳು ನೆರೆಯ ಹೊತ್ತಿನಲ್ಲಿ ಧಾರಾಳವಾಗಿ ಕೈ ನೀಡುತ್ತವೆ. ಅವರಿಗೆಂದು ಇದೇ ಚಿತ್ರದ ಕೊನೆಗೆ ಬ್ಯಾಂಕ್ ಖಾತೆ ಸಂಖ್ಯೆ ಸೇರಿಸಬೇಡಿ. ಹಣ ಸಿಕ್ಕಿತು ಎಂದಾದ ಕೂಡಲೇ ‘ಇನ್ನು ಸರ್ಕಾರ ಯಾಕೆ’ ಎಂಬ ಮಾತು ಹುಟ್ಟುತ್ತದೆ. ಕಾನೂನೂ ಅಡ್ಡ ಬರುತ್ತದೆ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ಅನುಮತಿ ಇಲ್ಲದ ಸಂಘ ವಿದೇಶಿ ಮೂಲದಿಂದ ಹಣ ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅಲ್ಲಿ ನೋಂದಾಯಿಸಿದ ಕೂಟಗಳು ಕೊಟ್ಟರೆ ಹೌದು.

12. ಆದೇಶ ಬಂದ ಮೇಲೆ

ಮರುಸಮೀಕ್ಷೆಗೆ ಬರುವ ದಿನ ನೋಟ್‌ಬುಕ್ಕಿನೊಡನೆ ಊರಲ್ಲಿರಿ. ಮನೆಯವರು ಕೂಲಿಗೆ ಹೋಗಿದ್ದರೆ ‘ಬಾಗಿಲು ಹಾಕಿತ್ತು’ ಎಂದು ಬರೆದುಕೊಂಡು ಹೋಗುವುದು ಸಾಮಾನ್ಯ. ಹೊಸ ಪಟ್ಟಿಯನ್ನು ಹಳೆಯ ಪಟ್ಟಿಯ ಪಕ್ಕ ಇಟ್ಟು ಎಷ್ಟು ಮನೆಯ ವರ್ಗ ಬದಲಾಯಿತು, ಎಷ್ಟು ಉಳಿಯಿತು ಎಂದು ಗುರುತು ಮಾಡಿ. ಬದಲಾಗಿದ್ದನ್ನು ಎರಡು ನಿಮಿಷದ ಇನ್ನೊಂದು ಚಿತ್ರ ಮಾಡಿ ಅದೇ ಅಧಿಕಾರಿಗೆ ಧನ್ಯವಾದದ ಪತ್ರದ ಜೊತೆ ಕೊಡಿ, ಉಳಿದವರ ಪಟ್ಟಿಯನ್ನೂ ಲಗತ್ತಿಸಿ. ಚಿತ್ರದಲ್ಲಿ ಮಾತಾಡಿದವರ ಮನೆಗೆ ಹೋಗಿ ಏನಾಯಿತು, ಏನು ಆಗಲಿಲ್ಲ ಎರಡನ್ನೂ ಹೇಳಿ. ಒಪ್ಪಿಗೆ ವಾಪಸು ಪಡೆದವರ ಕಡತಗಳನ್ನು ಎಲ್ಲ ಪ್ರತಿಗಳಿಂದಲೂ ಅಳಿಸಿ, ಅಳಿಸಿದ್ದೇವೆ ಎಂದು ಅವರಿಗೆ ಫೋನ್ ಮಾಡಿ ತಿಳಿಸಿ.